ಪೀಜೋ ಬೇಕೋ, ಮೋಟಾರೇ ಸಾಕೋ: ಮೈಕ್ರೋಸ್ಕೋಪ್ ಸ್ಟೇಜ್ ಕೊಳ್ಳುವ ಮುನ್ನ

ಮೈಕ್ರೋಸ್ಕೋಪಿಗೆ ಕೊಟೇಶನ್ ತರಿಸಿದಾಗ ಎಕ್ಸ್-ವೈ ಸ್ಟೇಜಿನ ಸಾಲು ಬೇಗ ಅರ್ಥವಾಗುತ್ತದೆ. ಸ್ಲೈಡನ್ನು ಆಚೀಚೆ ಸರಿಸುವ ಯಂತ್ರ, ಅಷ್ಟೇ. ತಲೆಕೆಡುವುದು ಝಡ್, ಅಂದರೆ ಫೋಕಸ್‌ಗಾಗಿ ಮೇಲೆ ಕೆಳಗೆ ಸರಿಸುವ ಸಾಲಿಗೆ ಬಂದಾಗ. ಒಬ್ಬರು ಫೋಕಸ್ ನಾಬಿಗೆ ಮೋಟಾರ್ ಕೂರಿಸಿಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಸ್ಟೇಜಿನ ಮೇಲೆ ಪೀಜೋ (ವಿದ್ಯುತ್ ಕೊಟ್ಟರೆ ಚೂರೇ ಚೂರು ಹಿಗ್ಗುವ ಸಿರಾಮಿಕ್) ಪ್ಲೇಟ್ ಇಡುತ್ತೇವೆ ಎನ್ನುತ್ತಾರೆ. ಮತ್ತೊಬ್ಬರು ಆಬ್ಜೆಕ್ಟಿವ್‌ಗೇ, ಅಂದರೆ ಸ್ಯಾಂಪಲ್ ಹತ್ತಿರದ ಲೆನ್ಸಿಗೇ, ಪೀಜೋ ಕಾಲರ್ ತೊಡಿಸುವ ಮಾತಾಡುತ್ತಾರೆ. ಮೂರೂ ಬ್ರೋಷರುಗಳಲ್ಲಿ ನ್ಯಾನೋಮೀಟರ್ ಎಂಬ ಪದ ದಪ್ಪಕ್ಷರದಲ್ಲಿರುತ್ತದೆ. ಬೆಲೆಯಲ್ಲಿ ಮಾತ್ರ ಲಕ್ಷಗಳ ಅಂತರ.

ಹೆಚ್ಚಿನ ಲ್ಯಾಬ್‌ಗಳು ಪೀಜೋಗೆ ದುಡ್ಡು ಸುರಿಯುವುದು ನಿಖರತೆಯ ಆಸೆಗೆ. ನನ್ನ ಪ್ರಕಾರ ದುಡ್ಡು ಕೊಡಬೇಕಾದ್ದು ವೇಗಕ್ಕೆ. ಅದೂ ಆ ವೇಗ ನಿಮ್ಮ ಪ್ರಯೋಗಕ್ಕೆ ನಿಜವಾಗಿ ಬೇಕಿದ್ದರೆ ಮಾತ್ರ.

ನಿಮಗೆ ಬೇಕಾದ ಹೆಜ್ಜೆ ಎಷ್ಟು?

ಮೊದಲು ಆಬ್ಜೆಕ್ಟಿವ್ ನೋಡಿ, ಆಮೇಲೆ ಸ್ಟೇಜ್. ಒಂದು ಆಬ್ಜೆಕ್ಟಿವ್ ಎಷ್ಟು ದಪ್ಪದ ಪದರವನ್ನು ಒಮ್ಮೆಗೆ ಸ್ಪಷ್ಟವಾಗಿ ತೋರಿಸುತ್ತದೆ ಎಂಬುದಕ್ಕೆ ಸರಳ ಅಂದಾಜಿದೆ: ಬೆಳಕಿನ ತರಂಗಾಂತರವನ್ನು ಮಾಧ್ಯಮದ ವಕ್ರೀಭವನ ಸೂಚ್ಯಂಕದಿಂದ ಗುಣಿಸಿ, ಎನ್‌ಎ (ಆಬ್ಜೆಕ್ಟಿವ್ ಎಷ್ಟು ಅಗಲ ಕೋನದ ಬೆಳಕು ಹಿಡಿಯುತ್ತದೆ ಎಂಬ ಸಂಖ್ಯೆ) ವರ್ಗದಿಂದ ಭಾಗಿಸಿ. ಹಸಿರು ಬೆಳಕು 0.55 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್) ಎಂದಿಟ್ಟುಕೊಳ್ಳಿ. 0.3 ಎನ್‌ಎ ಇರುವ 10ಎಕ್ಸ್ ಆಬ್ಜೆಕ್ಟಿವ್‌ಗೆ ಸುಮಾರು 6 ಮೈಕ್ರಾನ್ ಬರುತ್ತದೆ. 0.75 ಎನ್‌ಎ ಇರುವ 20ಎಕ್ಸ್‌ಗೆ 1 ಮೈಕ್ರಾನ್ ಹತ್ತಿರ. 1.4 ಎನ್‌ಎ ಇರುವ 100ಎಕ್ಸ್ ಆಯಿಲ್‌ಗೆ (ಲೆನ್ಸಿಗೂ ಗಾಜಿಗೂ ನಡುವೆ ಎಣ್ಣೆ ಹಾಕುವ ಆಬ್ಜೆಕ್ಟಿವ್) 0.4 ಮೈಕ್ರಾನ್‌ಗಿಂತ ಚೂರು ಹೆಚ್ಚು. ಇದು ಬರೀ ಬೆಳಕಿನ ಭಾಗ. ಕ್ಯಾಮೆರಾ ಪಿಕ್ಸೆಲ್ ಲೆಕ್ಕ ಸೇರಿದರೆ ಸ್ವಲ್ಪ ಹೆಚ್ಚುತ್ತದೆ.

ಅಂದರೆ ಅತಿ ಕಠಿಣ ಕೆಲಸವಾದ ಆಯಿಲ್ ಆಬ್ಜೆಕ್ಟಿವ್‌ನ ಝಡ್ ಸ್ಟ್ಯಾಕ್‌ನಲ್ಲೂ (ಫೋಕಸ್ ಸರಿಸುತ್ತ ಪದರ ಪದರವಾಗಿ ತೆಗೆಯುವ ಚಿತ್ರಗಳ ಸಾಲು) ನೀವು ಇಡುವ ಹೆಜ್ಜೆ 0.2ರಿಂದ 0.3 ಮೈಕ್ರಾನ್. ಬ್ರೋಷರು ಹೇಳುವ 1 ನ್ಯಾನೋಮೀಟರ್ ರೆಸಲ್ಯೂಶನ್ ನಿಮ್ಮ ಹೆಜ್ಜೆಯ ಇನ್ನೂರರಲ್ಲೊಂದು ಭಾಗ. ಏಕ ಅಣುಗಳ ಜಾಡು ಹಿಡಿಯುವವರಿಗೆ, ಸೂಪರ್ ರೆಸಲ್ಯೂಶನ್ ಮಾಡುವವರಿಗೆ, ಆಪ್ಟಿಕಲ್ ಟ್ವೀಜರ್ ಇಟ್ಟುಕೊಂಡವರಿಗೆ ಆ ಸಂಖ್ಯೆಯಿಂದ ಉಪಯೋಗವಿದೆ. ಉಳಿದವರು ಅದನ್ನು ನೋಡಿ ಮುಂದೆ ಹೋಗಬಹುದು.

ಮೋಟಾರ್ ಫೋಕಸ್: ಬೈಗುಳ ತಿನ್ನುವಷ್ಟು ಕೆಟ್ಟದ್ದಲ್ಲ

ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಹಲವು ಮೈಕ್ರೋಸ್ಕೋಪುಗಳಲ್ಲಿ ಫೈನ್ ಫೋಕಸ್ ನಾಬ್ ಒಂದು ಸುತ್ತು ತಿರುಗಿದರೆ ಫೋಕಸ್ 100 ಮೈಕ್ರಾನ್ ಸರಿಯುತ್ತದೆ. ನಾಬಿಗೆ ನೇರ ಜೋಡಿಸಿದ ಮೋಟಾರಿನ ಪೂರ್ಣ ಹೆಜ್ಜೆ ಹಾಗಾಗಿ 0.5 ಮೈಕ್ರಾನ್. ಮೈಕ್ರೋಸ್ಟೆಪಿಂಗ್ ಮಾಡಿ ಅದನ್ನು ಹತ್ತು ಪಾಲು ಮಾಡಿದರೆ 0.05 ಮೈಕ್ರಾನ್. ಕಾಗದದ ಮೇಲೆ ಇದು ಆಯಿಲ್ ಆಬ್ಜೆಕ್ಟಿವ್‌ಗೂ ಸಾಕು.

ಕಾಗದದ ಆಚೆ ಎರಡು ತೊಂದರೆಗಳಿವೆ. ಗೇರುಗಳ ನಡುವಿನ ಸಡಿಲ ಒಂದು. ಮೇಲೆ ಹೋಗುತ್ತಿದ್ದ ಮೋಟಾರ್ ದಿಕ್ಕು ಬದಲಿಸಿದಾಗ ಮೊದಲ ಕೆಲವು ಹೆಜ್ಜೆಗಳು ಆ ಸಡಿಲ ತುಂಬುವುದಕ್ಕೇ ಖರ್ಚಾಗುತ್ತವೆ, ಫೋಕಸ್ ಅಲುಗುವುದಿಲ್ಲ. ಮದ್ದು ಸುಲಭ: ಯಾವಾಗಲೂ ಒಂದೇ ದಿಕ್ಕಿನಿಂದ ಬನ್ನಿ. ಕೆಳಗಿಳಿಯಬೇಕಿದ್ದರೆ ಹತ್ತು ಮೈಕ್ರಾನ್ ಹೆಚ್ಚೇ ಇಳಿದು, ಮತ್ತೆ ಮೇಲೇರಿ ನಿಲ್ಲಿ. ಇದನ್ನು ತಾನಾಗಿಯೇ ಮಾಡುವ ಕಂಟ್ರೋಲರುಗಳಿವೆ. ಇಲ್ಲದಿದ್ದರೆ ಸ್ಕ್ರಿಪ್ಟಿನಲ್ಲಿ ಎರಡು ಸಾಲು ಬರೆದರಾಯಿತು. ಝಡ್‌ಗೆ ಲೀನಿಯರ್ ಎನ್‌ಕೋಡರ್ ಇದ್ದರೆ ತಲೆನೋವು ಇನ್ನೂ ಕಡಿಮೆ. ಏಕೆಂದರೆ ಅದು ಮೋಟಾರ್ ಎಷ್ಟು ತಿರುಗಿತು ಎಂದು ಎಣಿಸುತ್ತ ಕೂರುವುದಿಲ್ಲ, ಸ್ಟೇಜ್ ನಿಜಕ್ಕೂ ಎಲ್ಲಿದೆ ಎಂದು ಅಳೆಯುತ್ತದೆ. ನನ್ನನ್ನು ಕೇಳಿದರೆ ಮೋಟಾರ್ ಫೋಕಸ್ ತೆಗೆದುಕೊಳ್ಳುವವರು ಬೇರೆ ಏನನ್ನಾದರೂ ಬಿಡಲಿ, ಎನ್‌ಕೋಡರ್ ಬಿಡಬಾರದು.

ಎರಡನೆಯದು ಸಮಯ. ಪ್ರತಿ ಹೆಜ್ಜೆಗೂ ಆಜ್ಞೆ ಹೋಗಬೇಕು, ಮೋಟಾರ್ ಓಡಿ ನಿಲ್ಲಬೇಕು, ಆಮೇಲೆ ಅಲುಗಾಟ ಇಳಿಯಬೇಕು. ಒಂದು ಹೆಜ್ಜೆಗೆ ಒಟ್ಟು 100 ಮಿಲಿಸೆಕೆಂಡ್ ಎಂದುಕೊಳ್ಳೋಣ. 40 ಪದರದ ಸ್ಟ್ಯಾಕ್‌ಗೆ ಬರೀ ಓಡಾಟಕ್ಕೇ 4 ಸೆಕೆಂಡ್ ಹೋಯಿತು. ಪೀಜೋ ಅದೇ ಹೆಜ್ಜೆಯನ್ನು 10 ಮಿಲಿಸೆಕೆಂಡಿನಲ್ಲಿ ಮುಗಿಸಿದರೆ 0.4 ಸೆಕೆಂಡ್.

ಇಲ್ಲೇ ನಿಮ್ಮ ಎಕ್ಸ್‌ಪೋಶರ್ ಸಮಯ ತೀರ್ಪು ಕೊಡುತ್ತದೆ. ಮಂದ ಫ್ಲೋರೆಸೆನ್ಸ್ ಇರುವ ಫಿಕ್ಸ್ ಮಾಡಿದ ಸ್ಯಾಂಪಲ್, ಪದರಕ್ಕೆ 300 ಮಿಲಿಸೆಕೆಂಡ್ ಬೆಳಕು ಬೇಕು ಅನ್ನಿ. ಬೆಳಕಿಗೇ 12 ಸೆಕೆಂಡ್ ಹೋಗುತ್ತದೆ. ಮೋಟಾರಿನಲ್ಲಿ ಒಟ್ಟು 16, ಪೀಜೋದಲ್ಲಿ 12.4. ಈ ಮೂರೂವರೆ ಸೆಕೆಂಡಿಗಾಗಿ ಯಾರೂ ಲಕ್ಷಗಟ್ಟಲೆ ಕೊಡಬೇಕಿಲ್ಲ. ಅದೇ ಹಣ್ಣಿನ ನೊಣದ ಭ್ರೂಣದೊಳಗೆ ಓಡಾಡುವ ಕಣಗಳನ್ನು 20 ಮಿಲಿಸೆಕೆಂಡ್ ಎಕ್ಸ್‌ಪೋಶರಿನಲ್ಲಿ ಹಿಡಿಯುತ್ತಿದ್ದರೆ ಮೋಟಾರಿಗೆ 4.8 ಸೆಕೆಂಡ್, ಪೀಜೋಗೆ 1.2. ಅಷ್ಟರಲ್ಲಿ ಕಣ ಪದರ ದಾಟಿ ಹೋಗಿರುತ್ತದೆ. ಇಂಥ ಕೆಲಸಕ್ಕೆ ಪೀಜೋ ಇಲ್ಲದೆ ಆಗದು.

ಪೀಜೋ ಒಳಗೆ ಏನಿದೆ

ಒತ್ತಿದರೆ ವಿದ್ಯುತ್ ಕೊಡುವ ಹರಳುಗಳನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ಮರುವರ್ಷವೇ ಲಿಪ್‌ಮನ್ ಇದರ ತಿರುವುಮುರುವನ್ನು ಲೆಕ್ಕ ಹಾಕಿ ಹೇಳಿದ: ವಿದ್ಯುತ್ ಕೊಟ್ಟರೆ ಹರಳು ಹಿಗ್ಗಬೇಕು. ಇಂದಿನ ಪೀಜೋ ಸ್ಟೇಜುಗಳೆಲ್ಲ ಈ ತಿರುವುಮುರುವಿನ ಮೇಲೇ ನಿಂತಿವೆ. ಹರಳಿನ ಜಾಗದಲ್ಲಿ ಈಗ ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಪಿಝಡ್‌ಟಿ ಸಿರಾಮಿಕ್ ಇದೆ.

ಇದರ ಹಿಗ್ಗುವಿಕೆ ಬಹಳ ಕಡಿಮೆ: ಉದ್ದದ ಸಾವಿರದಲ್ಲೊಂದು ಭಾಗ. ಸಿರಾಮಿಕ್ ಪದರಗಳನ್ನು ಪೇರಿಸಿದ 20 ಮಿ.ಮೀ. ಉದ್ದದ ಸ್ಟ್ಯಾಕ್ ಪೂರ್ತಿ ವೋಲ್ಟೇಜಿಗೆ ಬರೀ 20 ಮೈಕ್ರಾನ್ ಬೆಳೆಯುತ್ತದೆ. ಹಾಗಿದ್ದರೆ ಅಂಗೈಯಗಲದ ಪ್ಲೇಟ್ 200 ಮೈಕ್ರಾನ್ ಏರುವುದು ಹೇಗೆ? ಲೋಹದಲ್ಲೇ ಕೊರೆದ ತೆಳು ಕುತ್ತಿಗೆಗಳಿಂದ. ಫ್ಲೆಕ್ಸರ್ ಎನ್ನುವ ಈ ಭಾಗ ಬಾಗಿ ಸನ್ನೆಗೋಲಿನ ಕೆಲಸ ಮಾಡುತ್ತದೆ, ಸಣ್ಣ ಚಲನೆಯನ್ನು ಹತ್ತುಪಟ್ಟು ಹಿಗ್ಗಿಸುತ್ತದೆ. ಬೇರಿಂಗ್ ಇಲ್ಲ, ಗ್ರೀಸ್ ಇಲ್ಲ, ಉಜ್ಜಾಟವಿಲ್ಲ, ಸಡಿಲವೂ ಇಲ್ಲ.

ಆದರೆ ಇದಕ್ಕೆ ಬೆಲೆ ಇದೆ. ಸನ್ನೆ ಎಷ್ಟು ಪಟ್ಟು ಹಿಗ್ಗಿಸುತ್ತದೋ ಅದರ ವರ್ಗದಷ್ಟು ಬಿಗುವು ಇಳಿಯುತ್ತದೆ. ಬಿಗುವು ಇಳಿದರೆ ಅನುರಣನ ಆವರ್ತನ (ತಾನಾಗಿ ಕಂಪಿಸುವ ವೇಗ) ಇಳಿಯುತ್ತದೆ, ನಿಲ್ಲಲು ಹಿಡಿಯುವ ಸಮಯ ಏರುತ್ತದೆ. ಹಾಗಾಗಿ 500 ಮೈಕ್ರಾನ್ ಓಟದ (ಅಷ್ಟು ದೂರ ಸರಿಯಬಲ್ಲ) ಪೀಜೋ 100 ಮೈಕ್ರಾನ್‌ನದ್ದಕ್ಕಿಂತ ಮೇಲು ಅಂತೇನಿಲ್ಲ. ಸಾಮಾನ್ಯವಾಗಿ ಅದು ನಿಧಾನ. ನಿಮ್ಮ ಕೋಶದ ದಪ್ಪ 15 ಮೈಕ್ರಾನ್ ಇದ್ದರೆ 100 ಸಾಕು. ಜೀಬ್ರಾಫಿಶ್ ಭ್ರೂಣ, ಆರ್ಗನಾಯ್ಡ್, ಮೆದುಳಿನ ತುಂಡು ನೋಡುವವರು 300, 400ರ ಕಡೆ ಹೋಗಲಿ. ಯಾವುದೇ ಆದರೂ ಒರಟು ಫೋಕಸ್‌ಗೆ ಕೆಳಗೊಂದು ಮೋಟಾರ್ ಇರಲೇಬೇಕು. ಪೀಜೋ ತಾನೇ ತಾನಾಗಿ ಸ್ಲೈಡ್ ಬದಲಿಸಲು ಜಾಗ ಬಿಡಿಸಿಕೊಡುವುದಿಲ್ಲ.

ಇನ್ನೊಂದು ಆಯ್ಕೆ ಕೊಟೇಶನ್ನಿನ ಸಣ್ಣಕ್ಷರದಲ್ಲಿ ಅಡಗಿರುತ್ತದೆ: ಓಪನ್ ಲೂಪ್ (ಸೆನ್ಸರ್ ಇಲ್ಲದ್ದು) ಅಥವಾ ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ತನ್ನ ಜಾಗ ಸರಿಪಡಿಸಿಕೊಳ್ಳುವಂಥದ್ದು). ಸೆನ್ಸರ್ ಇಲ್ಲದ ಪೀಜೋಗೆ ಒಂದೇ ವೋಲ್ಟೇಜನ್ನು ಏರುವಾಗ ಕೊಟ್ಟರೂ ಇಳಿಯುವಾಗ ಕೊಟ್ಟರೂ ಒಂದೇ ಜಾಗಕ್ಕೆ ಬರುವುದಿಲ್ಲ. ವ್ಯತ್ಯಾಸ ಓಟದ 10ರಿಂದ 15 ಶೇಕಡಾ. ಸಾಲದ್ದಕ್ಕೆ ದೊಡ್ಡ ಜಿಗಿತದ ನಂತರ ತೆವಳುತ್ತಲೂ ಇರುತ್ತದೆ: 100 ಮೈಕ್ರಾನ್ ಜಿಗಿದು ನಿಂತಿತು ಅಂದುಕೊಂಡ ಮೇಲೂ ಒಂದೆರಡು ಮೈಕ್ರಾನ್ ಮೆಲ್ಲಗೆ ಸರಿಯುತ್ತದೆ. ಅಗ್ಗವೆಂದು ಓಪನ್ ಲೂಪ್ ತಂದರೆ ಮೋಟಾರಿನ ಸಡಿಲಕ್ಕಿಂತ ದೊಡ್ಡ ಗೋಳನ್ನು ದುಡ್ಡು ಕೊಟ್ಟು ತಂದಂತೆ. ಕ್ಲೋಸ್ಡ್ ಲೂಪಿನಲ್ಲಿ ಸ್ಟ್ರೇನ್ ಗೇಜ್ ಅಥವಾ ಕೆಪ್ಯಾಸಿಟಿವ್ ಸೆನ್ಸರ್ ಇರುತ್ತದೆ. ಎರಡನೆಯದು ಹೆಚ್ಚು ನಿಖರ, ಬೆಲೆಯೂ ಹೆಚ್ಚು. ಸಾಮಾನ್ಯ ಝಡ್ ಸ್ಟ್ಯಾಕ್‌ಗೆ ಸ್ಟ್ರೇನ್ ಗೇಜ್ ಸಾಕು.

ಒಂದು ಎಚ್ಚರಿಕೆ. ಪೀಜೋ ಮೋಟಾರ್ ಎಂದು ಮಾರುವ ಸ್ಟೇಜುಗಳೂ ಇವೆ. ಅಲ್ಟ್ರಾಸಾನಿಕ್ ಕಂಪನದಿಂದ ಅಥವಾ ಹಿಡಿದು-ಜಾರಿಸುವ ರೀತಿಯಲ್ಲಿ ಅವು ಹತ್ತಾರು ಮಿ.ಮೀ. ದೂರ ಹೋಗುತ್ತವೆ. ಎಕ್ಸ್-ವೈಗೆ ಒಳ್ಳೆಯವು, ಸದ್ದಿಲ್ಲ, ನಿಂತಾಗ ಬಿಸಿಯಾಗುವುದಿಲ್ಲ. ಆದರೆ ಮೇಲೆ ಹೇಳಿದ ಫ್ಲೆಕ್ಸರ್ ಪೀಜೋಗೂ ಇವಕ್ಕೂ ಹೆಸರು ಬಿಟ್ಟರೆ ಹೆಚ್ಚು ನಂಟಿಲ್ಲ. ಕೊಟೇಶನ್ನಿನಲ್ಲಿ ಪೀಜೋ ಎಂದಷ್ಟೇ ಇದ್ದರೆ ಯಾವುದು ಎಂದು ಕೇಳಿ.

ಪ್ಲೇಟ್ ಏರಿಸುವುದೋ, ಆಬ್ಜೆಕ್ಟಿವ್ ಏರಿಸುವುದೋ

ಇದು ನಿಜವಾದ ಕವಲು.

ಆಬ್ಜೆಕ್ಟಿವ್ ಕಾಲರ್ ಅಂದರೆ ಟರೆಟ್ಟಿಗೂ (ಆಬ್ಜೆಕ್ಟಿವ್‌ಗಳನ್ನು ಹೊತ್ತು ತಿರುಗುವ ತಟ್ಟೆ) ಆಬ್ಜೆಕ್ಟಿವ್‌ಗೂ ನಡುವೆ ಕೂರುವ ಪೀಜೋ. ಸ್ಯಾಂಪಲ್ ಅಲುಗುವುದಿಲ್ಲ. ಪ್ಯಾಚ್ ಕ್ಲ್ಯಾಂಪ್ (ಕೋಶದ ವಿದ್ಯುತ್ ಅಳೆಯುವ ವಿಧಾನ) ಮಾಡುವವರಿಗೆ ಇದೇ ದಾರಿ, ಏಕೆಂದರೆ ನರಕೋಶಕ್ಕೆ ಗಾಜಿನ ಪಿಪೆಟ್ ಅಂಟಿಸಿಕೊಂಡ ಮೇಲೆ ಸ್ಟೇಜ್ ಒಂದು ಮೈಕ್ರಾನ್ ಹಾರಿದರೂ ಸೀಲ್ ಹೋಗುತ್ತದೆ. ಭಾರದ ಪರ್ಫ್ಯೂಶನ್ ಚೇಂಬರ್ (ಸ್ಯಾಂಪಲ್ ಮೇಲೆ ದ್ರವ ಹರಿಸುವ ಪೆಟ್ಟಿಗೆ) ಇಟ್ಟವರಿಗೂ, ಅಗರೋಸ್‌ನಲ್ಲಿ ಹೂತ ಮೆತ್ತನೆ ಭ್ರೂಣವನ್ನು ಗಡಗಡ ಅಲುಗಿಸಲು ಒಲ್ಲದವರಿಗೂ ಇದು ಹಿತ.

ಕಿರಿಕಿರಿಯೂ ಇದೆ. ಕಾಲರ್ ಒಂದು ಸೆಂಟಿಮೀಟರಿಗಿಂತ ಹೆಚ್ಚು ಎತ್ತರ ತಿನ್ನುತ್ತದೆ. ಟರೆಟ್ಟಿನ ಉಳಿದ ಆಬ್ಜೆಕ್ಟಿವ್‌ಗಳು ಆಗ ಗಿಡ್ಡವಾಗಿ ನಿಲ್ಲುತ್ತವೆ. ಅವಕ್ಕೆಲ್ಲ ಸ್ಪೇಸರ್ ಉಂಗುರ ಹಾಕಬೇಕು, ಇಲ್ಲದಿದ್ದರೆ ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಫೋಕಸ್ ಹುಡುಕಾಟ. ಥ್ರೆಡ್ ಬೇರೆ ಒಂದು ಗೋಜಲು: ನಿಕಾನ್‌ನಲ್ಲಿ ಎಂ25, ಝೈಸ್‌ನ ಹೊಸವುಗಳಲ್ಲಿ ಎಂ27, ಒಲಿಂಪಸ್‌ನ ಬಹುಪಾಲು ಆಬ್ಜೆಕ್ಟಿವ್‌ಗಳಲ್ಲಿ ಹಳೆಯ ಆರ್‌ಎಂಎಸ್. ಅಡಾಪ್ಟರ್ ಜೊತೆಗೆ ಬರದಿದ್ದರೆ ಪೆಟ್ಟಿಗೆ ಬಿಚ್ಚಿದ ದಿನ ಎಲ್ಲರೂ ಮುಖಮುಖ ನೋಡಿಕೊಳ್ಳಬೇಕಾಗುತ್ತದೆ. ಆಬ್ಜೆಕ್ಟಿವ್ ಕೆಳಗಿರುವ ಇನ್‌ವರ್ಟೆಡ್ ಮೈಕ್ರೋಸ್ಕೋಪಿನಲ್ಲಿ ಆಯಿಲ್ ತೊಟ್ಟಿಕ್ಕುವುದೂ ಸೀದಾ ಆ ಕಾಲರ್ ಮೇಲೆಯೇ. ಆಯಿಲ್ ಆಬ್ಜೆಕ್ಟಿವ್ ವೇಗವಾಗಿ ಏರಿಳಿದಾಗ ಅಂಟಂಟು ಎಣ್ಣೆ ಸ್ಯಾಂಪಲ್ಲಿನ ತೆಳು ಗಾಜನ್ನೂ, ಅಂದರೆ 0.17 ಮಿ.ಮೀ. ದಪ್ಪದ ಕವರ್‌ಸ್ಲಿಪ್ಪನ್ನೂ ಎಳೆದು ತಳ್ಳುತ್ತದೆ. ಕಾಲರ್ 1 ಮೈಕ್ರಾನ್ ಸರಿದರೂ ಫೋಕಸ್ ಅಷ್ಟು ಸರಿಯದಿರುವುದಕ್ಕೆ ಕಾರಣ ಅದೇ. ಇನ್ನು ಆಬ್ಜೆಕ್ಟಿವ್ ಭಾರವಾದಷ್ಟೂ ಪೀಜೋ ನಿಧಾನ. ಬ್ರೋಷರಿನ ಅನುರಣನ ಸಂಖ್ಯೆ ಭಾರವಿಲ್ಲದೆ ಅಳೆದದ್ದೋ, ಭಾರ ಹೊರಿಸಿ ಅಳೆದದ್ದೋ ಎಂದು ನೋಡಿ.

ಪ್ಲೇಟ್, ಅಂದರೆ ಎಕ್ಸ್-ವೈ ಸ್ಟೇಜಿನ ಒಳಗೆ ಕೂರುವ ಪೀಜೋ, ಎಲ್ಲ ಆಬ್ಜೆಕ್ಟಿವ್‌ಗಳಿಗೂ ಸಮಾನವಾಗಿ ಕೆಲಸ ಮಾಡುತ್ತದೆ. ಹತ್ತು ಜನ ಹತ್ತು ರೀತಿ ಬಳಸುವ ಇಮೇಜಿಂಗ್ ಫೆಸಿಲಿಟಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಇದರ ಶತ್ರು ಭಾರ ಮತ್ತು ಅಸಮತೋಲ. ಬಿಸಿ ಚೇಂಬರ್, ಅದರ ಕೇಬಲ್, ಕಾರ್ಬನ್ ಡೈಆಕ್ಸೈಡ್ ಟ್ಯೂಬು ಒಂದೇ ಬದಿಗೆ ಜೋತುಬಿದ್ದರೆ ಪ್ಲೇಟ್ ಏರುವಾಗ ಓರೆಯಾಗುತ್ತದೆ. ತೆರೆದ ಡಿಶ್‌ನಲ್ಲಿ ಮೀಡಿಯಾ ತುಂಬಿಸಿ ವೇಗದ ಸ್ಟ್ಯಾಕ್ ತೆಗೆದರೆ ದ್ರವ ಕುಲುಕುತ್ತದೆ, ಗಟ್ಟಿಯಾಗಿ ಅಂಟದ ಕೋಶಗಳೂ ಕುಲುಕುತ್ತವೆ.

ಜಾರುವ ಫೋಕಸ್‌ಗೆ ಪೀಜೋ ಮದ್ದಲ್ಲ

ರಾತ್ರಿಯಿಡೀ ಟೈಮ್‌ಲ್ಯಾಪ್ಸ್ ಹಾಕಿ ಬೆಳಗ್ಗೆ ಬಂದರೆ ಎಲ್ಲ ಮಂಜು. ಪೀಜೋ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ನಂಬಿಕೆ ಬಹಳ ಕಡೆ ಇದೆ. ತಪ್ಪು ನಂಬಿಕೆ. ಪೀಜೋದ ಸೆನ್ಸರ್ ಅಳೆಯುವುದು ತನ್ನದೇ ಪ್ಲೇಟಿನ ಎತ್ತರವನ್ನು. ಆಬ್ಜೆಕ್ಟಿವ್‌ಗೂ ಕವರ್‌ಸ್ಲಿಪ್ಪಿಗೂ ನಡುವಿನ ಅಂತರ ಅದಕ್ಕೆ ಗೊತ್ತೇ ಇಲ್ಲ.

ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರೋಸ್ಕೋಪಿನ 50 ಮಿ.ಮೀ. ಅಲ್ಯೂಮಿನಿಯಂ ಭಾಗ ಅಷ್ಟಕ್ಕೇ 1 ಮೈಕ್ರಾನ್ ದಾಟುತ್ತದೆ, ಅಂದರೆ ಆಯಿಲ್ ಆಬ್ಜೆಕ್ಟಿವ್‌ನ ಫೋಕಸ್ ಪದರದ ಎರಡು ಪಟ್ಟಿಗಿಂತ ಹೆಚ್ಚು. ಕೋಣೆಯ ಎಸಿ ಆನ್-ಆಫ್ ಆಗುವ ತಾಳಕ್ಕೆ ಸರಿಯಾಗಿ ಫೋಕಸ್ ಏರಿಳಿಯುವುದನ್ನು ಗ್ರಾಫ್ ಹಾಕಿ ನೋಡಿದವರಿಗೆ ಇದು ಹೊಸದಲ್ಲ. ಸ್ಟೆಪ್ಪರ್ ಮೋಟಾರ್ ನಿಂತಲ್ಲೇ ಕರೆಂಟ್ ಹಿಡಿದುಕೊಂಡು ಬಿಸಿಯಾಗುವುದೂ ಇದಕ್ಕೆ ಸೇರುತ್ತದೆ. ಅಷ್ಟರ ಮಟ್ಟಿಗೆ ಪೀಜೋ ಮೇಲು: ನಿಂತಾಗ ಅದು ತೆಗೆದುಕೊಳ್ಳುವ ವಿದ್ಯುತ್ ಇಲ್ಲವೆನ್ನುವಷ್ಟು ಕಡಿಮೆ.

ಜಾರುವಿಕೆಗೆ ನಿಜವಾದ ಮದ್ದು ಹಾರ್ಡ್‌ವೇರ್ ಆಟೋಫೋಕಸ್. ನಿಕಾನ್‌ನ ಪರ್ಫೆಕ್ಟ್ ಫೋಕಸ್, ಝೈಸ್‌ನ ಡೆಫಿನಿಟ್ ಫೋಕಸ್, ಎಎಸ್‌ಐ ಕಂಪನಿಯ ಕ್ರಿಸ್ಪ್ ಇವೆಲ್ಲ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಕವರ್‌ಸ್ಲಿಪ್ಪಿನ ಮೇಲ್ಮೈಗೆ ಬಿಟ್ಟು, ಮರಳಿದ ಬೆಳಕಿನಿಂದ ಅಂತರ ಹಿಡಿದಿಡುತ್ತವೆ. ಗಾಜಿನಿಂದ ಗಾಳಿಗೆ ಹೋಗುವ ಕಡೆ ಸುಮಾರು 4 ಶೇಕಡಾ ಬೆಳಕು ಮರಳುತ್ತದೆ. ಆಯಿಲ್ ಆಬ್ಜೆಕ್ಟಿವ್ ಹಾಕಿದಾಗ ಆ ಮೇಲ್ಮೈ ಎಣ್ಣೆಯಲ್ಲಿ ಮಾಯವಾಗಿ, ಗಾಜು-ನೀರಿನ ಗಡಿಯೊಂದೇ ಉಳಿಯುತ್ತದೆ. ಅಲ್ಲಿ ಮರಳುವುದು 0.4 ಶೇಕಡಾ ಮಾತ್ರ. ಜೀವಂತ ಕೋಶಗಳಿಗೆ ಅಷ್ಟು ಸಾಕಾಗುತ್ತದೆ. ಗಾಜಿನಷ್ಟೇ ಸೂಚ್ಯಂಕದ ಮೌಂಟಿಂಗ್ ಮೀಡಿಯಂನಲ್ಲಿ ಅಂಟಿಸಿದ ಸ್ಲೈಡಿಗೆ ಆ ಗಡಿಯೂ ಇಲ್ಲ, ಆಟೋಫೋಕಸ್ ಕುರುಡಾಗುತ್ತದೆ. ಯಂತ್ರ ಕೆಟ್ಟಿದೆ ಎಂದು ಸರ್ವಿಸ್ ಎಂಜಿನಿಯರನ್ನು ಕರೆಸುವ ಮುನ್ನ ಯಾವ ಮೀಡಿಯಂ ಬಳಸಿದ್ದೀರಿ ನೋಡಿ.

ಪ್ಲೇಟ್ ಪೀಜೋ ಮತ್ತು ಆಬ್ಜೆಕ್ಟಿವ್ ಸರಿಸುವ ಆಟೋಫೋಕಸ್ ಎರಡೂ ಇದ್ದರೆ ಜಗಳ ಶುರು. ಸ್ಟ್ಯಾಕ್‌ಗೆಂದು ಪ್ಲೇಟ್ 5 ಮೈಕ್ರಾನ್ ಏರಿಸಿದರೆ, ಆಟೋಫೋಕಸ್ ಅದನ್ನು ಜಾರುವಿಕೆ ಎಂದು ತಿಳಿದು ಆಬ್ಜೆಕ್ಟಿವನ್ನೂ 5 ಮೈಕ್ರಾನ್ ಏರಿಸುತ್ತದೆ. ನಿಮ್ಮ 40 ಪದರಗಳೂ ಒಂದೇ ಪದರದ ಚಿತ್ರಗಳಾಗುತ್ತವೆ. ಸ್ಟ್ಯಾಕ್ ಶುರುವಾಗುವಾಗ ಆಟೋಫೋಕಸ್ ತಡೆದು, ಮುಗಿದ ಮೇಲೆ ಮತ್ತೆ ಬಿಡುವ ವ್ಯವಸ್ಥೆ ಸಾಫ್ಟ್‌ವೇರಿನಲ್ಲಿ ಇದೆಯೇ ಎಂದು ಡೆಮೋದಲ್ಲೇ ಮಾಡಿಸಿ ನೋಡಿ. ಬಜೆಟ್ ಒಂದಕ್ಕೇ ಇದೆ, ಕೆಲಸ ದೀರ್ಘ ಟೈಮ್‌ಲ್ಯಾಪ್ಸ್ ಅಂತಾದರೆ, ಪೀಜೋ ಬಿಟ್ಟು ಆಟೋಫೋಕಸ್ ತೆಗೆದುಕೊಳ್ಳಿ.

ಎಕ್ಸ್-ವೈ ಬಗ್ಗೆ ಎರಡು ಮಾತು

ಇಲ್ಲಿ ಮೋಟಾರೇ ಸರಿ. ಓಟ ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕವಿದೆ: 96 ಗುಳಿಯ (ವೆಲ್) ಪ್ಲೇಟಿನಲ್ಲಿ ಗುಳಿಗಳ ಅಂತರ 9 ಮಿ.ಮೀ., ಆದ್ದರಿಂದ ಮೂಲೆಯಿಂದ ಮೂಲೆಗೆ 99 ಮತ್ತು 63 ಮಿ.ಮೀ. 384ಕ್ಕೆ 103.5 ಮತ್ತು 67.5. ಅಂಚಿನ ಗುಳಿಯೊಳಗೂ ಸುತ್ತಾಡಲು 110ಕ್ಕೆ 75 ಇರುವ ಸ್ಟೇಜ್ ಸಾಕು. ಬರೀ ಸ್ಲೈಡ್ ನೋಡುವವರಿಗೆ ಅಷ್ಟೂ ಬೇಡ. ಪ್ಲಾಸ್ಟಿಕ್ ಪ್ಲೇಟಿನ ತಳ ಒಂದು ತುದಿಯಿಂದ ಇನ್ನೊಂದಕ್ಕೆ ನೂರು ಮೈಕ್ರಾನ್ ಮೀರಿ ಏರಿಳಿಯುವುದು ಸಾಮಾನ್ಯ. 100 ಮೈಕ್ರಾನ್ ಪೀಜೋ ಒಂದನ್ನೇ ನಂಬಿ ಇಡೀ ಪ್ಲೇಟ್ ಸ್ಕ್ಯಾನ್ ಮಾಡಲು ಹೊರಟರೆ ಅರ್ಧ ದಾರಿಯಲ್ಲಿ ಓಟ ಮುಗಿಯುತ್ತದೆ.

ದುಡ್ಡೇ ಇಲ್ಲದಿದ್ದರೆ

ಕಾಲೇಜು ಲ್ಯಾಬ್‌ಗಳಿಗೆ ಓಪನ್‌ಫ್ಲೆಕ್ಸರ್ ಮೈಕ್ರೋಸ್ಕೋಪ್ ನೋಡಿ ಎನ್ನುತ್ತೇನೆ. ಬ್ರಿಟನ್ನಿನಲ್ಲಿ ಹುಟ್ಟಿ, ಟಾಂಜಾನಿಯಾದ ಇಫಕಾರಾ ಆರೋಗ್ಯ ಸಂಸ್ಥೆಯ ಜೊತೆ ಮಲೇರಿಯಾ ಸ್ಲೈಡುಗಳ ಮೇಲೆ ಪಳಗಿದ ವಿನ್ಯಾಸ. ಪೂರ್ತಿ ಸ್ಟೇಜ್ 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್. ಪೀಜೋ ಸ್ಟೇಜಿನದೇ ಫ್ಲೆಕ್ಸರ್ ತತ್ವ, ಆದರೆ ತಳ್ಳುವುದು ಅಗ್ಗದ ಸ್ಟೆಪ್ಪರ್ ಮೋಟಾರ್. ಎಕ್ಸ್-ವೈ ಓಟ 12 ಮಿ.ಮೀ., ಝಡ್ 4 ಮಿ.ಮೀ., ಝಡ್ ಹೆಜ್ಜೆ ಸುಮಾರು 50 ನ್ಯಾನೋಮೀಟರ್. ನಿಧಾನ ನಿಜ, ಇಡೀ ಸ್ಲೈಡ್ ಸುತ್ತುವುದಿಲ್ಲ ಎಂಬುದೂ ನಿಜ. ಆದರೆ ಹೆಜ್ಜೆಯ ಸೂಕ್ಷ್ಮತೆಗೆ ಪೀಜೋ ಬೇಕೇ ಬೇಕು ಎನ್ನುವವರಿಗೆ ಇದನ್ನು ತೋರಿಸಬೇಕು.

ಡೆಮೋದಲ್ಲಿ ಏನು ಮಾಡಿಸಬೇಕು

ಮಾರಾಟಗಾರ ತಂದ ಚೆಂದದ ಸ್ಲೈಡ್ ಪಕ್ಕಕ್ಕಿಡಿ. 0.2 ಮೈಕ್ರಾನಿನ ಫ್ಲೋರೆಸೆಂಟ್ ಮಣಿಗಳನ್ನು ಕವರ್‌ಸ್ಲಿಪ್ಪಿಗೆ ಅಂಟಿಸಿ 100ಎಕ್ಸ್ ಆಯಿಲ್‌ನಲ್ಲಿ ನೋಡಿ. ಕೆಳಗಿನಿಂದ ಮೇಲಕ್ಕೆ 0.1 ಮೈಕ್ರಾನ್ ಹೆಜ್ಜೆಯ ಸ್ಟ್ಯಾಕ್, ತಕ್ಷಣ ಮೇಲಿನಿಂದ ಕೆಳಕ್ಕೆ ಇನ್ನೊಂದು. ಮಣಿ ಅತಿ ಪ್ರಕಾಶವಾಗಿ ಕಾಣುವ ಪದರ ಎರಡರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ಸಡಿಲವೋ ಹಿಸ್ಟೆರಿಸಿಸ್ಸೋ (ಮೇಲೆ ಹೇಳಿದ ಏರುವಾಗ-ಇಳಿಯುವಾಗಿನ ವ್ಯತ್ಯಾಸ) ಕಣ್ಣಿಗೇ ಕಾಣುತ್ತದೆ. ಅದೇ ಚಿತ್ರಗಳಲ್ಲಿ ಮಣಿಯ ಕೇಂದ್ರ ಪಕ್ಕಕ್ಕೆ ಸರಿದಿದೆಯೇ ನೋಡಿ. ಝಡ್ ಏರುತ್ತ ಎಕ್ಸ್‌ನಲ್ಲೂ ಅಲೆಯುವ ಪೀಜೋಗಳಿವೆ. ಈ ಎಲ್ಲವನ್ನೂ ನಿಮ್ಮದೇ ಚೇಂಬರಿನ ಭಾರ ಇಟ್ಟು ಮಾಡಿಸಿ.

ಆಮೇಲೆ ಟ್ರಿಗರ್. ಕಂಪ್ಯೂಟರ್ ಪ್ರತಿ ಹೆಜ್ಜೆಗೂ ಯುಎಸ್‌ಬಿಯಲ್ಲಿ ಆಜ್ಞೆ ಕಳಿಸುತ್ತ ಕೂತರೆ ಪೀಜೋದ ವೇಗವೆಲ್ಲ ಕೇಬಲ್ಲಿನಲ್ಲೇ ಕರಗುತ್ತದೆ. ಕ್ಯಾಮೆರಾದಿಂದ ನೇರ ಬರುವ ವಿದ್ಯುತ್ ಸಂಕೇತಕ್ಕೇ, ಅಂದರೆ ಟಿಟಿಎಲ್ ಪಲ್ಸಿಗೇ, ಕಂಟ್ರೋಲರ್ ಮುಂದಿನ ಹೆಜ್ಜೆ ಇಡಬೇಕು. ಮೈಕ್ರೋ-ಮ್ಯಾನೇಜರ್ (ಮೈಕ್ರೋಸ್ಕೋಪ್ ನಡೆಸುವ ಸಾಫ್ಟ್‌ವೇರ್) ಬಳಸುವವರು ಆ ಕಂಟ್ರೋಲರಿಗೆ ಡ್ರೈವರ್ ಇರುವುದಷ್ಟೇ ಅಲ್ಲ, ಹಾರ್ಡ್‌ವೇರ್ ಸೀಕ್ವೆನ್ಸಿಂಗ್ (ಹೀಗೆ ಕಂಪ್ಯೂಟರ್ ಕಾಯದೆ ಹೆಜ್ಜೆ ಇಡುವುದು) ಕೂಡ ನಡೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಅದಿಲ್ಲದ ಪೀಜೋ ಸ್ಟೇಜ್, ಸಿಗ್ನಲ್‌ಗೊಮ್ಮೆ ನಿಲ್ಲುವ ಸ್ಪೋರ್ಟ್ಸ್ ಕಾರು.

ತೇವ, ಕರೆಂಟ್, ಸರ್ವಿಸ್

ಪೀಜೋ ಸಿರಾಮಿಕ್ ಹೆದರುವುದು ತೇವಕ್ಕೆ. ಒದ್ದೆ ಗಾಳಿಯಲ್ಲಿ ದಿನಗಟ್ಟಲೆ ಹೆಚ್ಚು ಡಿಸಿ ವೋಲ್ಟೇಜಿನಲ್ಲಿ ನಿಂತರೆ ಪದರಗಳ ನಡುವೆ ವಿದ್ಯುತ್ ಸೋರಿ ಸ್ಟ್ಯಾಕ್ ಸುಟ್ಟುಹೋಗುತ್ತದೆ. ಮಂಗಳೂರು, ಮಣಿಪಾಲದ ಮಳೆಗಾಲದಲ್ಲಿ ಇದು ತಮಾಷೆಯಲ್ಲ. ಬೆಂಗಳೂರಿನವರೂ ನಿಶ್ಚಿಂತರಲ್ಲ, ಏಕೆಂದರೆ 37 ಡಿಗ್ರಿಯ ತೇವಭರಿತ ಚೇಂಬರನ್ನು ನಾವೇ ತಂದು ಪೀಜೋ ಪ್ಲೇಟಿನ ಮೇಲೆ ಕೂರಿಸುತ್ತೇವೆ. ಪಾಲಿಮರ್ ಲೇಪನದ ಸ್ಟ್ಯಾಕ್‌ಗಿಂತ ಸಿರಾಮಿಕ್ ಹೊದಿಕೆಯದ್ದು ತೇವ ತಡೆಯುತ್ತದೆ. ಯಾವುದು ಎಂದು ಬರವಣಿಗೆಯಲ್ಲಿ ಕೇಳಿ. ಕೆಲಸ ಮುಗಿದ ಮೇಲೆ ಕಂಟ್ರೋಲರ್ ಆಫ್ ಮಾಡುವ ಅಭ್ಯಾಸವಿರಲಿ, ಕನಿಷ್ಠ ವೋಲ್ಟೇಜನ್ನಾದರೂ ಸೊನ್ನೆಗೆ ಇಳಿಸಿ. ಕರೆಂಟ್ ಹೋದಾಗ ಪೀಜೋ ತನ್ನ ಎತ್ತರ ಬಿಟ್ಟು ಕೆಳಗಿಳಿಯುತ್ತದೆ, ಲೀಡ್ ಸ್ಕ್ರೂ ಮೋಟಾರ್ ಇದ್ದಲ್ಲೇ ನಿಲ್ಲುತ್ತದೆ. ಪೀಜೋ ಕಂಟ್ರೋಲರನ್ನೂ ಯುಪಿಎಸ್‌ಗೇ ಹಾಕಿ.

ಕೊನೆಗೆ ಟೆಂಡರ್ ಬರೆಯುವವರಿಗೆ. ರೆಸಲ್ಯೂಶನ್ ಸಂಖ್ಯೆಯೊಂದನ್ನೇ ಬರೆದರೆ ಎಲ್ಲರೂ ಪಾಸಾಗುತ್ತಾರೆ. ಇಂತಿಷ್ಟು ಗ್ರಾಂ ಭಾರದಲ್ಲಿ 1 ಮೈಕ್ರಾನ್ ಹೆಜ್ಜೆ ಇಟ್ಟು ನಿಲ್ಲಲು ಎಷ್ಟು ಮಿಲಿಸೆಕೆಂಡ್, ಕ್ಲೋಸ್ಡ್ ಲೂಪ್ ಹೌದೋ ಅಲ್ಲವೋ, ಎರಡೂ ದಿಕ್ಕಿನಿಂದ ಒಂದೇ ಜಾಗಕ್ಕೆ ಬಂದಾಗ ವ್ಯತ್ಯಾಸ ಎಷ್ಟು ಎಂದು ಬರೆಸಿ. ಅಡಾಪ್ಟರ್, ಸ್ಪೇಸರ್ ಉಂಗುರ, ಟ್ರಿಗರ್ ಕೇಬಲ್, ಸ್ಯಾಂಪಲ್ ಹೋಲ್ಡರುಗಳನ್ನು ಒಂದೊಂದಾಗಿ ಪಟ್ಟಿಗೆ ಸೇರಿಸಿ. ಪೀಜೋ ಮತ್ತು ಅದರ ಕಂಟ್ರೋಲರನ್ನು ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲಿ ಜೋಡಿಯಾಗಿ ಕ್ಯಾಲಿಬ್ರೇಟ್ ಮಾಡಿರುತ್ತಾರೆ. ಒಂದು ಕೆಟ್ಟರೆ ಎರಡನ್ನೂ ವಿದೇಶಕ್ಕೆ ಕಳಿಸಬೇಕೇ, ಅಲ್ಲಿಯವರೆಗೆ ಬದಲಿ ಕೊಡುತ್ತಾರೆಯೇ, ಕಸ್ಟಮ್ಸ್ ಖರ್ಚು ಯಾರದ್ದು ಎಂಬುದು ಪಿಒ (ಖರೀದಿ ಆದೇಶ) ಹೋಗುವ ಮುಂಚೆ ಕಾಗದದ ಮೇಲೆ ಇರಲಿ.